ಕಿಟಕಿಯಕ್ಕನ ಕಾಗದದ ವಿಮಾನ

ವಿಮಾನ ಬಂದು ನಿಂತು ಕೊನೆಯ ಪ್ರಯಾಣಿಕ ಮೆಟ್ಟಿಲಿಳಿದರೆ, ಮುಂದಿನವರು ಹತ್ತುವ ಮೊದಲು ಒಳಗೆ ಶುಚಿ ಮಾಡುವವರಿಗೆ ಸಿಗುತ್ತಿದ್ದುದು ಇಪ್ಪತ್ತೆರಡು ನಿಮಿಷ. ಅಷ್ಟರೊಳಗೆ ಆರು ಜನ ಸೇರಿ ಮೂವತ್ತು ಸಾಲು, ನೂರ ಎಂಬತ್ತು ಸೀಟು ಗುಡಿಸಿ ಒರೆಸಿ, ಬೆಲ್ಟುಗಳನ್ನು ಅಡ್ಡಡ್ಡ ಜೋಡಿಸಿ, ಸೀಟಿನ ಜೇಬುಗಳಲ್ಲಿ ಉಳಿದದ್ದನ್ನೆಲ್ಲ ತೆಗೆದು ಕೆಳಗಿಳಿಯಬೇಕು. ಉಳಿಯುತ್ತಿದ್ದುದೂ ಒಂದೆರಡಲ್ಲ. ಕನ್ನಡಕ, ಅರ್ಧ ಹೆಣೆದ ಮಗುವಿನ ಕಾಲುಚೀಲ, ಒಮ್ಮೆಯಂತೂ ಕರವಸ್ತ್ರದಲ್ಲಿ ಜೋಪಾನವಾಗಿ ಸುತ್ತಿಟ್ಟ ಹಲ್ಲಿನ ಸೆಟ್ಟು. ಮುಂದಿನ ಹತ್ತು ಸಾಲು ಅವಳದು, ಹತ್ತೊಂಬತ್ತು ವರ್ಷದಿಂದ.

ಜೊತೆಯವರು ಅವಳನ್ನು ಕಿಟಕಿಯಕ್ಕ ಎನ್ನುತ್ತಿದ್ದರು. ತೂಕಡಿಸಿದ ಪ್ರಯಾಣಿಕರ ತಲೆಯೆಣ್ಣೆ ಕಿಟಕಿಯ ಮೇಲೆ ಬಿಟ್ಟುಹೋದ ಗುರುತು ಕಂಡರೆ ಅವಳಿಗೆ ತಡೆಯುತ್ತಿರಲಿಲ್ಲ. "ಬಿಡು ಕಿಟಕಿಯಕ್ಕ, ಮೇಲೆ ಹೋದ್ಮೇಲೆ ಮೋಡ ಬಿಟ್ರೆ ಏನೂ ಕಾಣಲ್ಲ" ಎಂದು ಮೇಲ್ವಿಚಾರಕ ಅವಸರ ಮಾಡಿದರೆ, "ಮೋಡಾನಾದ್ರೂ ನೆಟ್ಟಗೆ ಕಾಣ್ಲಿ ಬಿಡಿ" ಎಂದು ಇನ್ನೊಂದು ಸಲ ಬಟ್ಟೆ ಆಡಿಸುವಳು. ಈ ಹತ್ತೊಂಬತ್ತು ವರ್ಷದಲ್ಲಿ ಅವಳು ಎಷ್ಟು ಸಾವಿರ ಸಲ ವಿಮಾನ ಹತ್ತಿದ್ದಳೋ ಲೆಕ್ಕವಿಲ್ಲ. ಒಂದು ಸಲವೂ ಅದು ಅವಳನ್ನು ಹೊತ್ತು ನೆಲ ಬಿಟ್ಟಿರಲಿಲ್ಲ.

ಮನೆ ಮೂರನೇ ಮಹಡಿಯಲ್ಲಿತ್ತು, ಲಿಫ್ಟಿಲ್ಲದ ಕಟ್ಟಡ. ಒಂದು ಹಜಾರ, ಒಂದು ಒಳಕೋಣೆ, ಇಬ್ಬರು ನಿಂತರೆ ಮೂರನೆಯವರು ಹೊರಗೇ ನಿಲ್ಲಬೇಕಾದ ಅಡುಗೆಮನೆ. ಗಂಡ ಸಿಟಿ ಬಸ್ಸಿನ ಡ್ರೈವರ್. ಅತ್ತೆ ನಲವತ್ತು ವರ್ಷ ಟೋಪಿ ಹೊಲಿದವಳು. ಬ್ಯಾಂಡಿನವರದು, ಹೋಟೆಲಿನ ಬಾಗಿಲು ಕಾಯುವವರದು, ಶಾಲಾ ಮಕ್ಕಳದು, ಯಾವ ಟೋಪಿ ಬೇಕಾದರೂ. ಈಗ ಎರಡೂ ಮಂಡಿ ಕೈಕೊಟ್ಟಿದ್ದವು. ನಾಲ್ಕು ವರ್ಷದಲ್ಲಿ ಆಕೆ ಕೆಳಗಿಳಿದದ್ದು ಒಂದೇ ಸಲ, ಅದೂ ಆಸ್ಪತ್ರೆಗೆ, ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತುಕೊಂಡು. ಹೊಲಿಗೆ ಯಂತ್ರ ಯಾರಿಗೋ ಹೋಗಿತ್ತು. ಬಟ್ಟೆ ಕತ್ತರಿಸುವ ಉದ್ದನೆಯ ಮೇಜು ಮಾತ್ರ ಹಜಾರದ ಕಿಟಕಿಯ ಪಕ್ಕ ಹಾಗೇ ಇತ್ತು. ಅದರ ತುದಿಗೆ ಕುರ್ಚಿ ಹಾಕಿಕೊಂಡು ಅತ್ತೆ ದಿನವಿಡೀ ಕೂರುತ್ತಿದ್ದಳು.

ಎದುರುಮನೆಯಲ್ಲಿ ನಿವೃತ್ತ ಟೀಚರಮ್ಮ ಇದ್ದರು. ಅವರ ಮುಂದೆ ಅತ್ತೆಯದು ಒಂದೇ ಮಾತು: "ನನ್ನ ಸೊಸೆ ದಿನಾ ವಿಮಾನದಲ್ಲೇ ಇರ್ತಾಳೆ." ಸುಳ್ಳಂತೂ ಅಲ್ಲ. "ಹಾಗಾದ್ರೆ ಮೇಲೆ ಕಾಫಿ ಕೊಡೋ ಕೆಲಸವಾ?" ಎಂದು ಟೀಚರಮ್ಮ ಕೇಳಿದರೆ ಅತ್ತೆಗೆ ಆಗಲೇ ಮಂಡಿನೋವು ಶುರುವಾಗುತ್ತಿತ್ತು. ಒಳಗಿದ್ದ ಕಿಟಕಿಯಕ್ಕ ಇದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ ಇದ್ದುಬಿಡುತ್ತಿದ್ದಳು. ಸ್ವಲ್ಪ ಚುಚ್ಚುತ್ತಿತ್ತು, ಆದರೆ ವಯಸ್ಸಾದವರ ಬಾಯಿ ಹಿಡಿಯುವುದು ಹೇಗೆ?

ಒಂದು ಮಧ್ಯಾಹ್ನ ಅತ್ತೆಯೇ ಕೇಳಿದಳು. "ಅಲ್ಲವೇ, ಅದರೊಳಗೆ ಹೇಗಿರುತ್ತೆ? ಇಷ್ಟು ವರ್ಷ ಆಯ್ತು, ಒಂದು ದಿನಾನಾದ್ರೂ ಬಾಯ್ಬಿಟ್ಟು ಹೇಳಿದೀಯಾ?"

"ಬಸ್ಸಿನ ಥರಾನೇ ಅತ್ತೆ. ಸ್ವಲ್ಪ ಉದ್ದ."

"ಬಸ್ಸಿನ ಥರ ಇದ್ದಿದ್ರೆ ಬಸ್ಸು ಅಂತಲೇ ಕರೀತಿದ್ರು. ಸರಿಯಾಗಿ ಹೇಳು."

ಹೇಳಲು ಹೋದರೆ ಮಾತು ಬರಲಿಲ್ಲ. ಮೇಜಿನ ಮೇಲೆ ಮಾತ್ರೆಯ ಖಾಲಿ ರಟ್ಟಿನ ಡಬ್ಬ ಬಿದ್ದಿತ್ತು. ಕತ್ತರಿ ತೆಗೆದುಕೊಂಡು ಅದನ್ನು ಕತ್ತರಿಸಿ, ಮಡಿಸಿ, ಅಂಟಿಸಿ, ಬೆರಳಗಲದ ಒಂದು ಸೀಟು ಮಾಡಿ ಅತ್ತೆಯ ಅಂಗೈ ಮೇಲಿಟ್ಟಳು. ಹಿಂದೆ ಜೇಬು, ಮಡಿಸುವ ಪುಟ್ಟ ಹಲಗೆ, ಎರಡು ಕೈ. ಅತ್ತೆ ಅದನ್ನು ಚೆನ್ನಾಗಿದ್ದ ಒಂದು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದಳು.

"ಹಲಗೆ ತೆರೆಯುತ್ತಲ್ಲೇ! ಪಕ್ಕದಲ್ಲಿ ಯಾರು ಕೂರ್ತಾರೆ?"

ಪಕ್ಕಕ್ಕೆ ಇನ್ನೆರಡು ಸೀಟಾದವು. ನಡುವೆ ದಾರಿ ಬಿಟ್ಟು ಆ ಕಡೆ ಮೂರಾದವು. ವಾರ ಕಳೆಯುವಷ್ಟರಲ್ಲಿ ಮೊದಲ ಸಾಲು ನಿಂತಿತು. ಅಲ್ಲಿಂದ ಮುಂದೆ ನಿಲ್ಲಿಸುವುದು ಇಬ್ಬರ ಕೈಯಲ್ಲೂ ಇರಲಿಲ್ಲ.

ಅವಳ ಕೆಲಸ ಬೆಳಗಿನ ಐದಕ್ಕೆ ಶುರುವಾಗಿ ಮಧ್ಯಾಹ್ನ ಒಂದಕ್ಕೆ ಮುಗಿಯುತ್ತಿತ್ತು. ಊಟವಾದ ಮೇಲೆ ಮೇಜಿನ ಎರಡು ಪಕ್ಕದಲ್ಲಿ ಇಬ್ಬರೂ ಕೂರುವರು. ದಪ್ಪ ಕಾಗದ, ಬ್ಲೇಡು, ಉಕ್ಕಿನ ಪಟ್ಟಿ, ಮಡಿಕೆಯ ಗೆರೆ ಎಳೆಯಲು ಹಳೆಯ ಹೆಣಿಗೆ ಕಡ್ಡಿ, ಒಂದು ಬಟ್ಟಲು ಮೈದಾ ಅಂಟು. ವಿಮಾನದೊಳಗೆ ಅಳತೆಯ ಟೇಪು ಒಯ್ಯುವ ಹಾಗಿರಲಿಲ್ಲ. ಆದ್ದರಿಂದ ಅವಳು ಸೀಟು ಒರೆಸುತ್ತಲೇ ಗೇಣು ಹಾಕಿಕೊಳ್ಳುವಳು. ಸೀಟಿನ ಅಗಲ ಎರಡು ಗೇಣು, ದಾರಿಯದೂ ಎರಡೇ, ಅದಕ್ಕೇ ಬಕೆಟ್ಟು ತಾಗುವುದು. ಕಿಟಕಿಯಿಂದ ಕಿಟಕಿಗೆ ಎರಡು ಗೇಣು, ಮೇಲೆ ಎರಡು ಬೆರಳು. ಕೆಳಗಿಳಿದು ಪುಟ್ಟ ಟಿಪ್ಪಣಿ ಪುಸ್ತಕದಲ್ಲಿ ಚಿತ್ರ ಸಮೇತ ಬರೆದುಕೊಳ್ಳುವಳು. ಮನೆಯಲ್ಲಿ ಒಂದು ಗೇಣಿಗೆ ಅರ್ಧ ಬೆರಳಿನ ಲೆಕ್ಕ. ಹಾಗೆ ನೋಡಿದರೆ ಇಡೀ ವಿಮಾನ ಒಂದೂವರೆ ಮೀಟರು ದಾಟುತ್ತದೆಂದು ಗೊತ್ತಾದಾಗ ಗಂಡ ಒಮ್ಮೆ ಮೇಜನ್ನೂ ಒಮ್ಮೆ ಹೆಂಡತಿಯನ್ನೂ ನೋಡಿ, "ನಾನು ದಿನಾ ಓಡಿಸೋ ಬಸ್ಸನ್ನ ಈ ಮನೇಲಿ ಯಾರೂ ಒಂದು ಬೆಂಕಿಪೊಟ್ಟಣದಷ್ಟು ಮಾಡಲಿಲ್ಲ" ಎಂದ.

"ನಿನ್ನ ಬಸ್ಸು ಈ ಕಿಟಕೀಲಿ ದಿನಾ ಕಾಣುತ್ತಲ್ಲೋ, ಹೊಗೆ ಬಿಟ್ಕೊಂಡು" ಎಂದಳು ಅವನ ತಾಯಿ, ತಲೆಯೆತ್ತದೆ.

ಒಳಗಿನದೆಲ್ಲ ಕಿಟಕಿಯಕ್ಕನಿಗೆ ಬಾಯಿಪಾಠವಾಗಿತ್ತು. ಹೊರಗಿನದೇ ತೊಂದರೆ. ಇಂಜಿನ್ನು ಪರವಾಗಿಲ್ಲ, ಮೆಟ್ಟಿಲು ಬರುವವರೆಗೆ ಅದರ ಎದುರಿಗೇ ಕಾಯುತ್ತಿದ್ದುದರಿಂದ ಅದರ ಇಪ್ಪತ್ತನಾಲ್ಕು ಅಲಗುಗಳನ್ನು ಅದು ನಿಂತ ಮೇಲೆ ಎಣಿಸಿಕೊಂಡಿದ್ದಳು. ಬಾಯಿ ಪೂರ್ತಿ ಗುಂಡಗಿಲ್ಲ, ಕೆಳಗೆ ಸ್ವಲ್ಪ ಚಪ್ಪಟೆ ಎಂಬುದನ್ನೂ ಕಂಡಿದ್ದಳು. "ಯಾರೋ ಕೂತು ಎದ್ದುಹೋದ ಹಾಗಿದೆ" ಎಂದು ಅತ್ತೆ ನಕ್ಕಿದ್ದಳು. ಸೋಲಿಸಿದ್ದು ಮೂಗು. ಚಪ್ಪಟೆ ಕಾಗದವನ್ನು ಹೇಗೆ ಸುತ್ತಿದರೂ ಚೂಪು ಕೊಳವೆಯಾಗುತ್ತಿತ್ತೇ ಹೊರತು, ಆ ನಿಜವಾದ ಮೂಗಿನ ತುಂಬಿದ ಗುಂಡುತನ ಬರುತ್ತಿರಲಿಲ್ಲ. ಒದ್ದೆ ಮಾಡಿ ಒತ್ತಿದಳು, ಸುಕ್ಕಾಯಿತು. ಸೀಳಿ ಅಂಟಿಸಿದಳು, ಒಡೆದ ಮೊಟ್ಟೆಯಾಯಿತು. ಐದನೆಯದನ್ನು ಮುದುಡಿ ಎಸೆದು ಮುಖ ಊದಿಸಿಕೊಂಡು ಕೂತಳು.

ಅತ್ತೆ ಆ ಉಂಡೆಯನ್ನು ಬಿಡಿಸಿ ಸವರಿ ನೋಡಿದಳು. "ಇದು ಟೋಪಿ ಕಣೇ. ತಲೆ ಮುಂದಕ್ಕೆ ಬಾಗಿದೆ, ಅಷ್ಟೇ. ಬಟ್ಟೇನೂ ಚಪ್ಪಟೇನೇ ಇರುತ್ತಲ್ಲ? ಎಂಟು ಎಸಳು ಕತ್ತರಿಸ್ಬೇಕು. ಕೆಳಗಿನ ಎಸಳು ಗಿಡ್ಡ, ಮೇಲಿಂದು ಉದ್ದ. ಎಲ್ಲಿ, ನನ್ನ ಕತ್ತರಿ ಕೊಡು. ಅದಲ್ಲ, ದೊಡ್ಡದು."

ನಾಲ್ಕು ವರ್ಷದಿಂದ ಆ ದೊಡ್ಡ ಕತ್ತರಿ ಪೆಟ್ಟಿಗೆಯಿಂದ ಹೊರಬಂದಿರಲಿಲ್ಲ. ಆಕೆ ಗುರುತು ಹಾಕಲಿಲ್ಲ, ಅಳೆಯಲಿಲ್ಲ. ಹೆಬ್ಬೆರಳನ್ನು ಕಾಗದದ ಅಂಚಿನಲ್ಲಿ ಜಾರಿಸುತ್ತಾ ಎಂಟು ಎಸಳು ಕತ್ತರಿಸಿದಳು. ಒಳಗಿನಿಂದ ಕಾಗದದ ಪಟ್ಟಿ ಕೊಟ್ಟು ಒಂದಕ್ಕೊಂದು ಅಂಟಿಸುತ್ತ ಹೋದ ಹಾಗೆ ಅವು ಬಾಗಿ ಬಾಗಿ ಕೂಡಿಕೊಂಡವು. ಕೊನೆಯ ಎಸಳು ಸೇರಿದಾಗ ಅಂಗೈಯೊಳಗೆ ವಿಮಾನದ ಮೂಗು ಕೂತಿತ್ತು. ಕಿಟಕಿಯಕ್ಕ ಅದನ್ನು ತೆಗೆದುಕೊಂಡು ಮೊದಲ ಸಾಲಿನ ಮುಂದಿಟ್ಟು ನೋಡಿದಳು. ಅತ್ತೆಯ ಮುಖದಲ್ಲಿ ಎಷ್ಟೋ ಕಾಲದಿಂದ ಕಾಣದ ಗತ್ತು. "ಇನ್ನೇನೇನು ಬರಲ್ಲ ಹೇಳು, ಒಟ್ಟಿಗೇ ಹೇಳಿಬಿಡು" ಎಂದಳು.

ಒಂದು ವರ್ಷ ಹೀಗೆ ಹೋಯಿತು. ನೂರ ಎಂಬತ್ತೂ ಸೀಟು ಕೂತವು. ಮೇಲ್ಛಾವಣಿ ಡಬ್ಬದ ಮುಚ್ಚಳದಂತೆ ತೆಗೆದು ಹಾಕುವ ಹಾಗೆ ಮಾಡಿಕೊಂಡರು. ರೆಕ್ಕೆ ಜೋಡಿಸಿದ ದಿನ ಹಜಾರ ಎರಡು ಪಾಲಾಯಿತು. ಒಳಕೋಣೆಗೆ ಹೋಗಬೇಕಾದರೆ ಗಂಡ ರೆಕ್ಕೆಯ ಕೆಳಗೆ ನುಸುಳಬೇಕು. "ಎತ್ತರ ನಿರ್ಬಂಧ ಅಂತ ಒಂದು ಬೋರ್ಡಾದ್ರೂ ಹಾಕ್ರಮ್ಮ" ಎನ್ನುತ್ತಾ ನುಸುಳುತ್ತಿದ್ದ. ಆದರೆ ಅವನ ತಲೆ ಒಮ್ಮೆಯೂ ಅದಕ್ಕೆ ತಾಗಲಿಲ್ಲ.

ಆಮೇಲೆ ಒಂದು ದಿನ, ಕೆಲಸ ಮುಗಿಸಿ ಹೊರಡುವಾಗ, ಗೇಟಿನಲ್ಲಿ ಹೊಸ ಕಾವಲುಗಾರ ಅವಳ ಚೀಲವನ್ನು ಪೂರ್ತಿ ಖಾಲಿ ಮಾಡಿಸಿದ. ಊಟದ ಡಬ್ಬಿ, ಕೊಡೆ, ಟಿಪ್ಪಣಿ ಪುಸ್ತಕ. ಪುಸ್ತಕ ತೆರೆದವನು ಮುಚ್ಚಲಿಲ್ಲ. ಬಾಗಿಲುಗಳ ಚಿತ್ರ, ಬಾಗಿಲಿನಿಂದ ಬಾಗಿಲಿಗೆ ಎಷ್ಟು ಗೇಣು, ಚಾಲಕರ ಕೋಣೆಯ ಗೋಡೆ ಎಷ್ಟು ದಪ್ಪ, ಚಕ್ರದ ಗೂಡಿನ ಬಾಯಿ ಎಷ್ಟಗಲ.

"ಏನಿದು?"

"ವಿಮಾನ ಮಾಡ್ತಿದೀನಿ" ಎಂದಳು ಅವಳು. ಹೇಳಿದ ಮೇಲೆ ಅದು ಹೇಗೆ ಕೇಳಿಸಿತೆಂದು ಹೊಳೆಯಿತು. "ಕಾಗದದ್ದು ಸಾರ್. ಮನೇಲಿ. ನಮ್ಮತ್ತೆಗೆ."

ಕಾವಲುಗಾರ ನಗಲಿಲ್ಲ. ನಗುವುದು ಅವನ ಕೆಲಸವೂ ಅಲ್ಲ. ಒಂದು ಸಣ್ಣ ಕೋಣೆಯಲ್ಲಿ ಮೂರು ಗಂಟೆ ಕೂರಿಸಿದರು. ಒಬ್ಬರಾದ ಮೇಲೊಬ್ಬರು ಬಂದು ಕೇಳಿದ್ದನ್ನೇ ಕೇಳಿದರು. ಬರೆದುಕೊಳ್ಳಲು ಯಾರು ಹೇಳಿದರು? ಯಾರಿಗೆ ಕೊಡುತ್ತೀಯ? ಇಪ್ಪತ್ತು ವರ್ಷದಿಂದ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಪಾಸನ್ನು ತೆಗೆಸಿ ಲಕೋಟೆಗೆ ಹಾಕಿದರು. ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಬರಬೇಡ ಎಂದರು. ಅವಳು ಬಸ್ ನಿಲ್ದಾಣಕ್ಕೆ ನಡೆದು ಬಂದು ಎರಡು ಬಸ್ಸು ಬಿಟ್ಟು ಮೂರನೆಯದನ್ನು ಹತ್ತಿದಳು.

ಮುಂದಿನ ಎರಡು ವಾರ ಅವಳು ಮೇಜಿನ ಹತ್ತಿರ ಸುಳಿಯಲಿಲ್ಲ. ಬೆಳಗ್ಗೆ ನಾಲ್ಕಕ್ಕೆ ತಾನಾಗಿ ಎಚ್ಚರವಾಗುವುದು, ಹೋಗಲು ಜಾಗವಿಲ್ಲ. ಮನೆಯ ನಾಲ್ಕು ಕಿಟಕಿಗಳನ್ನು ಒರೆಸಿದಳು, ಮರುದಿನ ಮತ್ತೆ ಒರೆಸಿದಳು. ಒಮ್ಮೆ ವಿಮಾನವನ್ನು ಬಿಚ್ಚಿ ಚೀಲಕ್ಕೆ ತುಂಬಿಬಿಡೋಣ ಎಂದಳು. ಅತ್ತೆ ಕೇಳಿದ್ದು ಇಷ್ಟೇ: "ಕದ್ದಿದೀಯಾ?"

"ಇಲ್ಲ."

"ಹಾಗಾದ್ರೆ ಅದು ಅಲ್ಲೇ ಇರುತ್ತೆ."

ಹದಿನೈದನೆಯ ದಿನ ಬೆಳಗ್ಗೆ ಇಬ್ಬರು ಮೂರು ಮಹಡಿ ಹತ್ತಿ ಬಂದರು. ಒಬ್ಬರು ಭದ್ರತೆಯ ಅಧಿಕಾರಿ, ತೆಳ್ಳಗಿನ, ಮಾತು ಕಡಿಮೆಯ ಮನುಷ್ಯ. ಇನ್ನೊಬ್ಬರು ವಿಮಾನ ರಿಪೇರಿಯ ಇಂಜಿನಿಯರು, ಏದುಸಿರು ಬಿಡುತ್ತಿದ್ದ ಡೊಳ್ಳು ಹೊಟ್ಟೆಯವರು. ಸದ್ದು ಕೇಳಿ ಎದುರುಮನೆಯ ಬಾಗಿಲೂ ತೆರೆದುಕೊಂಡಿತು. ಟೀಚರಮ್ಮ ಹೊಸ್ತಿಲಲ್ಲೇ ನಿಂತರು.

"ಕ್ಲೀನಿಂಗ್ ಕೆಲಸದವರ ಮನೆ ಇದೇನಾ?" ಅಧಿಕಾರಿ ಕೇಳಿದರು.

ಕಿಟಕಿಯಕ್ಕನ ಕಣ್ಣು ಅತ್ತೆಯ ಕಡೆ ಹೋಯಿತು, ಅತ್ತೆಯದು ಟೀಚರಮ್ಮನ ಕಡೆ.

"ಹೌದು, ಇದೇ" ಎಂದಳು ಅತ್ತೆ, ಕುರ್ಚಿಯಲ್ಲಿ ನೆಟ್ಟಗೆ ಕೂತು. "ನನ್ನ ಸೊಸೆ. ಮುಂದಿನ ಹತ್ತು ಸಾಲು ಇವಳದ್ದೇ. ಇವಳು ಒರೆಸಿದ ಸೀಟಲ್ಲಿ ಕೂತು ನೀವೂ ಹೋಗಿರ್ತೀರಿ. ಒಳಗೆ ಬನ್ನಿ, ತಲೆ ಜೋಪಾನ, ರೆಕ್ಕೆ ಇದೆ."

ಅಧಿಕಾರಿ ತಲೆ ತಗ್ಗಿಸಿ ಬಂದು ಮೇಜಿನ ಮುಂದೆ ನಿಂತವರು ಕೈಯಲ್ಲಿದ್ದ ಕಡತ ತೆರೆಯುವುದನ್ನು ಮರೆತರು. ಇಂಜಿನಿಯರಂತೂ ಆಗಲೇ ಮಂಡಿಯೂರಿ ಇಂಜಿನ್ನಿನ ಬಾಯೊಳಗೆ ಇಣುಕುತ್ತಿದ್ದರು. ಕಿಟಕಿಯಕ್ಕ ಛಾವಣಿ ತೆಗೆದಳು. ಮೂವತ್ತು ಸಾಲು, ಸೀಟಿಗೊಂದು ಬೆಲ್ಟು, ಎಲ್ಲವೂ ಅಡ್ಡಡ್ಡ ಜೋಡಿಸಿದ್ದವು. ಅಧಿಕಾರಿ ಲಕೋಟೆಯಿಂದ ಅವಳ ಪುಸ್ತಕ ತೆಗೆದು, ಒಂದೊಂದೇ ಚಿತ್ರವನ್ನು ಮೇಜಿನ ಮೇಲಿದ್ದುದಕ್ಕೆ ಹೋಲಿಸುತ್ತಾ ಬಂದರು. ನಡುವೆ ಒಂದು ಕಡೆ ಬೆರಳಿಟ್ಟರು.

"ಇಲ್ಲಿ ಕಿಟಕಿ ಬಿಟ್ಟುಹೋಗಿದೆ. ಎಡಗಡೆ, ಹತ್ತನೇ ಸಾಲು."

ಕಿಟಕಿಯಕ್ಕ ಥಟ್ಟನೆ ಹೇಳಿದಳು: "ಬಿಟ್ಟುಹೋಗಿಲ್ಲ ಸಾರ್, ಅಲ್ಲಿ ಕಿಟಕಿ ಇಲ್ಲ. ಕಿಟಕಿ ಪಕ್ಕದ ಸೀಟು ಅಂತ ಆಸೆಯಿಂದ ಬಂದು ಕೂತೋರು ಬೈಕೊಂಡು ಗೋಡೇಗೆ ಒರಗಿ ಮಲಗ್ತಾರೆ. ಇಡೀ ವಿಮಾನದಲ್ಲಿ ಜಾಸ್ತಿ ಎಣ್ಣೆ ಗುರುತು ಇರೋದೇ ಆ ಗೋಡೇಲಿ."

ಇಂಜಿನಿಯರು ನೆಲದ ಮೇಲಿಂದಲೇ ಗಟ್ಟಿಯಾಗಿ ನಕ್ಕರು. "ಸರಿಯಾಗಿ ಹೇಳಿದ್ರು. ಅಲ್ಲಿ ಗೋಡೆಯೊಳಗೆ ತಂಪು ಗಾಳಿಯ ಕೊಳವೆ ಹೋಗುತ್ತೆ, ಕಿಟಕಿ ಇಡೋ ಹಾಗಿಲ್ಲ. ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ." ಕಷ್ಟಪಟ್ಟು ಎದ್ದು ನಿಂತು ಛಾವಣಿಯನ್ನು ಕೈಗೆತ್ತಿಕೊಂಡರು. "ಎಲ್ಲಾ ಇಷ್ಟು ಚೆನ್ನಾಗಿ ಮಾಡಿ ಬೆನ್ನು ಮಾತ್ರ ಯಾಕಮ್ಮ ಬೋಳು ಬಿಟ್ಟಿದೀರಿ?"

"ಮೇಲಿಂದ ನಾನು ನೋಡೇ ಇಲ್ಲ ಸಾರ್. ಕೆಳಗಿಂದ ನೋಡಿದೀನಿ, ಒಳಗಿಂದ ನೋಡಿದೀನಿ. ಬೆನ್ನು ಯಾವತ್ತೂ ಕಂಡಿಲ್ಲ."

ಅಧಿಕಾರಿ ಆ ಉತ್ತರವನ್ನು ಕಡತದಲ್ಲಿ ಬರೆದುಕೊಂಡರು. ಹೋಗುವ ಮುನ್ನ ಬಾಗಿಲಲ್ಲಿ ನಿಂತು, "ನೋಡಮ್ಮ, ನೀವು ಕೆಟ್ಟದ್ದು ಮಾಡಿಲ್ಲ ಅಂತ ನನಗೆ ಗೊತ್ತಾಯ್ತು. ಆದ್ರೆ ಆ ಪುಸ್ತಕ ಬೇರೆ ಯಾರ ಕೈಗಾದ್ರೂ ಸಿಕ್ಕಿದ್ದಿದ್ರೆ?" ಎಂದರು. ಅವಳು ಹಾಗೆ ಯೋಚಿಸಿಯೇ ಇರಲಿಲ್ಲ.

ವಾರದ ಮೇಲೆ ಆದೇಶ ಬಂತು. ದುರುದ್ದೇಶ ಕಂಡುಬಂದಿಲ್ಲ, ಆದರೆ ನಿಯಮ ಮುರಿದದ್ದು ನಿಜ. ಪುಸ್ತಕ ವಾಪಸ್ ಕೊಡುವುದಿಲ್ಲ. ಆರು ತಿಂಗಳು ವಿಮಾನದ ಬಳಿ ಹೋಗುವಂತಿಲ್ಲ, ನಿಲ್ದಾಣದ ಕಟ್ಟಡದೊಳಗೆ ನೆಲ ಒರೆಸುವ ಕೆಲಸ. ಕೆಲಸ ಉಳಿಯಿತೆಂದು ಗಂಡ ನಿಟ್ಟುಸಿರು ಬಿಟ್ಟ. ಅವಳು ಒಳಕೋಣೆಗೆ ಹೋಗಿ ಅತ್ತಳು. ಪುಸ್ತಕಕ್ಕಾಗಿಯೋ, ಹತ್ತು ಸಾಲುಗಳಿಗಾಗಿಯೋ, ಅವಳಿಗೇ ಸರಿಯಾಗಿ ತಿಳಿಯಲಿಲ್ಲ.

ನಿಲ್ದಾಣದ ನೆಲ ಮುಗಿಯುವ ವಸ್ತುವಲ್ಲ. ಒರೆಸಿ ತಿರುಗಿದರೆ ಹಿಂದೆಯೇ ಚಕ್ರದ ಪೆಟ್ಟಿಗೆಗಳ ಗೆರೆ. ಮೊದಲ ತಿಂಗಳು ಅವಳು ಯಾರೊಂದಿಗೂ ಮಾತಾಡದೆ ನೆಲ ಒರೆಸುವ ಕೋಲು ದೂಡಿದಳು. ಎರಡನೆಯ ತಿಂಗಳು ಅವಳನ್ನು ಮೇಲಿನ ಅಂತಸ್ತಿಗೆ ಹಾಕಿದರು. ಅಲ್ಲಿ ಕಾಯುವವರ ಕುರ್ಚಿಗಳ ಹಿಂದೆ ನೆಲದಿಂದ ಸೂರಿನವರೆಗೆ ಗಾಜು. ಮೊದಲ ದಿನ ಗಾಜಿನ ಹತ್ತಿರ ಹೋದವಳು ಕೋಲು ಹಿಡಿದುಕೊಂಡು ನಿಂತೇಬಿಟ್ಟಳು.

ಕೆಳಗೆ ಅವಳದೇ ವಿಮಾನ ನಿಂತಿತ್ತು. ಬೆನ್ನು ಕಾಣುತ್ತಿತ್ತು. ಅಷ್ಟುದ್ದದ ಬಿಳಿ ಬೆನ್ನಿನ ನಡುಗೆರೆಯಲ್ಲಿ ಮೀನಿನ ಈಜುರೆಕ್ಕೆಯಂಥ ಸಣ್ಣ ಸಣ್ಣ ಅಲಗುಗಳು, ಹಿಂದೆ ಗೂನಿನಂಥ ಒಂದು ಉಬ್ಬು. ರೆಕ್ಕೆಯ ಮೇಲೆ ನಡೆಯಬಹುದಾದ ಜಾಗಕ್ಕೆ ಕಪ್ಪು ಗೆರೆಯ ಚೌಕಟ್ಟು. ಮಳೆನೀರು ಹರಿದ ಕಲೆಗಳು. ಇಷ್ಟು ವರ್ಷ ಒಳಗೆ ಅಷ್ಟು ತಿಕ್ಕಿದೆ, ಮೇಲೆ ಇಷ್ಟು ಕೊಳೆ ಹೊತ್ತುಕೊಂಡು ತಿರುಗುತ್ತಿತ್ತಲ್ಲ ಎಂದು ಅವಳಿಗೆ ನಗು ಬಂತು. ಬರೆದುಕೊಳ್ಳುವ ಹಾಗಿರಲಿಲ್ಲ. ಅಲಗುಗಳನ್ನು ಎಣಿಸಿಕೊಂಡು, ಯಾವುದು ಎಷ್ಟನೆಯ ಕಿಟಕಿಯ ಮೇಲಿದೆ ಎಂದು ಬಾಯಲ್ಲೇ ಹೇಳಿಕೊಳ್ಳುತ್ತಾ ಬಸ್ಸಿನಲ್ಲಿ ಮನೆಗೆ ಬಂದಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಸರಿದು ಕೂತಳು.

"ಅತ್ತೆ, ಮೂರನೇ ಸಾಲಿನ ಮೇಲೆ ಒಂದು. ಹನ್ನೊಂದರ ಮೇಲೆ ಒಂದು. ಹಿಂದೆ ಗೂನು." ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಕೈ ತೊಳ್ಕೊಂಡು ಬಾ" ಎಂದಳು ಅತ್ತೆ. ಕತ್ತರಿ ಆಗಲೇ ಮೇಜಿನ ಮೇಲಿತ್ತು.

ಟೀಚರಮ್ಮ ಈಗ ಮಧ್ಯಾಹ್ನಗಳಲ್ಲಿ ಬಂದು ಕೂರತೊಡಗಿದ್ದರು. ಅಂಟು ಕಲಸಿಕೊಡುವರು. ನಡುನಡುವೆ ತಪ್ಪು ಹುಡುಕುವರು. ಕಾಫಿ ಕೊಡುವ ಕೆಲಸದ ಮಾತು ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಆರು ತಿಂಗಳು ಮುಗಿದ ಮೇಲೆ ಮೇಲ್ವಿಚಾರಕ ಕರೆದು, ನಿಲ್ದಾಣದೊಳಗೇ ಇರುವುದಾದರೆ ಇರಬಹುದು, ಬಿಸಿಲಿಲ್ಲ, ಅವಸರವಿಲ್ಲ ಎಂದ. ಅವಳು ವಿಮಾನದ ಬಳಿ ಹೋಗುವ ಹಳೆಯ ಪಾಸನ್ನೇ ಕೇಳಿದಳು. ಮೊದಲ ದಿನ ಕೈ ಅಭ್ಯಾಸ ತಪ್ಪಿ ಏಳನೇ ಸಾಲಿಗೇ ಸಮಯ ಮುಗಿಯಿತು. ಉಳಿದ ಮೂರನ್ನು ಜೊತೆಯವರು ಮಾಡಿಕೊಟ್ಟರು, ತಮಾಷೆ ಮಾಡುತ್ತಲೇ.

ಬಕೆಟ್ಟು ಹಿಡಿದು ಕೆಳಗಿಳಿದರೆ ಆ ಇಂಜಿನಿಯರು ಬಾಲದ ಕೆಳಗೆ ನಿಂತಿದ್ದರು. ಗುರುತು ಹಿಡಿದು ಕೈ ಬೀಸಿದರು.

"ಏನಮ್ಮ, ಮುಗೀತಾ ನಿಮ್ಮ ವಿಮಾನ?"

"ಎಲ್ಲಿ ಸಾರ್! ಬಾಲದ ಸಣ್ಣ ರೆಕ್ಕೆ ಎರಡು ಸಲ ಬಿಚ್ಚಿಸಿದ್ದಾರೆ ನಮ್ಮತ್ತೆ. ಬುಡದಲ್ಲಿ ಕಾಗದ ಸುಕ್ಕಾಗುತ್ತಂತೆ. ಅಲ್ಲಿ ಅದು ಹೇಗೆ ತಿರುಗುತ್ತೆ ಅಂತಾನೇ ಇಬ್ಬರಿಗೂ ಗೊತ್ತಾಗ್ತಿಲ್ಲ."

ಅವರು ಸುತ್ತ ಒಮ್ಮೆ ನೋಡಿ ಕೈಯಲ್ಲಿದ್ದ ಟಾರ್ಚನ್ನು ಬಾಲದ ಬುಡಕ್ಕೆ ಹಿಡಿದರು. "ಬರೆದುಕೊಳ್ಳೋ ಹಾಗಿಲ್ಲ, ಗೊತ್ತಲ್ಲ? ನಿಂತು ನೋಡೋದಕ್ಕೆ ಅಡ್ಡಿಯಿಲ್ಲ. ಬನ್ನಿ ಈ ಕಡೆ."

ಅವಳು ಬಕೆಟ್ಟು ಕೆಳಗಿಟ್ಟು, ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡು, ಅವರ ಪಕ್ಕಕ್ಕೆ ಹೋಗಿ ನಿಂತಳು.